ಮುತ್ತೈದಿ ದಿಬ್ಬ

ತುಂಗಭದ್ರೆಗೂ ಕೃಷ್ಣೆಗೂ ನಡುವಿನ ಎರೆಸೀಮೆಯಲ್ಲಿ, ಎರಡು ಹೊಳೆಗಳ ನಡುವೆ ಇದ್ದೂ ಯಾವ ಹೊಳೆಯ ನೀರೂ ಮುಟ್ಟದ ಒಂದು ಮೂಲೆಯಲ್ಲಿ ಸವಳದೊಡ್ಡಿ ಎಂಬ ಊರಿದೆ. ಊರ ಉತ್ತರಕ್ಕೆ, ರಸ್ತೆಯಿಂದ ಕೂಗಿದರೆ ಕೇಳುವಷ್ಟು ದೂರದಲ್ಲಿ ಒಂದು ದಿಬ್ಬ ಕಾಣುತ್ತದೆ. ದೂರದಿಂದ ನೋಡಿದವರು ಅದನ್ನು ಗುಡ್ಡವೆಂದೇ ತಿಳಿಯುತ್ತಾರೆ; ಹತ್ತಿರ ಹೋದರೆ ಅಲ್ಲಿ ಹುಡುಕಿದರೂ ಒಂದು ಬಂಡೆ ಸಿಕ್ಕುವುದಿಲ್ಲ, ಬುಡದಿಂದ ನೆತ್ತಿಯವರೆಗೆ ಬರೀ ಮಣ್ಣು. ಮಳೆಗಾಲದಲ್ಲಿ ಬೂದುಬಣ್ಣವಿರುವ ಆ ಮಣ್ಣು ಬೇಸಿಗೆ ಬಲಿತಂತೆ ಸುಣ್ಣ ಬಳಿದ ಹಾಗೆ ಬೆಳ್ಳಗಾಗುತ್ತದೆ. ಬೆರಳಿಗೆ ಹಚ್ಚಿ ನಾಲಗೆಗೆ ಇಟ್ಟರೆ ಉಪ್ಪು. ಬಸ್ಸಿನ ಕಂಡಕ್ಟರು ‘ಮುತ್ತೈದಿ ದಿಬ್ಬ ಇಳೀರಿ’ ಎಂದು ಕೂಗಿದಾಗ ಹೊಸಬರು ಕಿಟಕಿಯಲ್ಲಿ ಇಣುಕಿ, ಹಿಂದೆ ಯಾರೋ ಹೆಣ್ಣುಮಗಳು ಗಂಡನ ಚಿತೆ ಏರಿರಬೇಕು ಎಂದುಕೊಂಡು ಮಾಸ್ತಿಕಲ್ಲು ಹುಡುಕುವುದುಂಟು. ಊರ ಹಿರಿಯರಿಗೆ ಆ ಮಾತು ಕೇಳಿದರೆ ಮೈಯುರಿಯುತ್ತದೆ. ಇಲ್ಲಿ ಯಾರೂ ಬೆಂಕಿಗೆ ಬೀಳಲಿಲ್ಲ, ಬೆಂಕಿಯೇ ದಿನಾಲು ಮೇಲಿಂದ ನಮ್ಮ ಮೇಲೆ ಬೀಳುತ್ತದೆ, ಅಷ್ಟು ಸಾಲದೇ ಎನ್ನುತ್ತಾರೆ.

ಆ ಮಾತು ಸುಳ್ಳಲ್ಲ. ಲೋಕಕ್ಕೆಲ್ಲ ಮೂರು ಕಾಲವಾದರೆ ಈ ಸೀಮೆಗೂ ಮೂರೇ: ಬೇಸಿಗೆ, ಕಡುಬೇಸಿಗೆ, ಮೋಡ ಕವಿದ ಬೇಸಿಗೆ. ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಓಡಿಹೋದರೆ ಹೋಳಿಯ ಹೊತ್ತಿಗೆ ಬಾವಿಯ ಹಗ್ಗಕ್ಕೆ ಇನ್ನೊಂದು ಮಾರು ಗಂಟು ಹಾಕಬೇಕು. ಯುಗಾದಿ ಕಳೆದ ಮೇಲೆ ಹೊತ್ತು ನೆತ್ತಿಗೆ ಬರುವುದರೊಳಗೆ ನಾಯಿ ಸಹ ಜಗಲಿಯ ಕೆಳಗಿನಿಂದ ಹೊರಗೆ ಬರುವುದಿಲ್ಲ. ಆದರೂ ಹಿಂದಿನ ಕಾಲದ ಬಿಸಿಲಿಗೆ ಒಂದು ಮರ್ಯಾದೆಯಿತ್ತು ಎಂದು ಮುದುಕರು ಈಗಲೂ ನಿಟ್ಟುಸಿರುಬಿಡುತ್ತಾರೆ. ಬರುವ ದಿನ ಬರುತ್ತಿತ್ತು, ಹೋಗುವ ದಿನ ಹೋಗುತ್ತಿತ್ತು. ಮಳೆಗಳಿಗೂ ಮನೆಮಕ್ಕಳಿಗೆ ಇದ್ದ ಹಾಗೆ ಒಂದೊಂದು ಹೆಸರು, ಒಂದೊಂದು ಗುಣ. ರೋಹಿಣಿ ಮಳೆ ಬಂದರೆ ಓಣಿ ತುಂಬ ಜೋಳ. ಮಘೆ ಮಳೆ ಬಂದಷ್ಟೂ ಒಳ್ಳೆಯದು, ಮನೆಮಗ ಉಂಡಷ್ಟೂ ಒಳ್ಳೆಯದು. ಈಗ ಮೊಬೈಲಿನಲ್ಲಿ ಮೋಡದ ಚಿತ್ರ ಬರುತ್ತದೆ, ಮಳೆಗೆ ಹೆಸರಿಲ್ಲ. ಹೆಸರು ಗೊತ್ತಿಲ್ಲದ ನೆಂಟನನ್ನು ಕಾಯುವುದರಲ್ಲಿ ಏನು ಸುಖವಿದೆಯೋ ತಿಳಿಯದು.

ಹಿಂದೆ ಒಮ್ಮೆ, ಪಾಳೆಯಗಾರರ ಕಾಲವೆಂದು ಕೆಲವರು, ಅದಕ್ಕೂ ಹಿಂದೆ ಎಂದು ಕೆಲವರು ಹೇಳುತ್ತಾರೆ, ಸವಳದೊಡ್ಡಿಯಲ್ಲಿ ಉಪ್ಪಾರರ ಒಂದೇ ಒಂದು ಮನೆಯಿತ್ತು. ಸಮುದ್ರದ ಉಪ್ಪು ಈ ಕಡೆ ಬರದಿದ್ದ ಆ ದಿನಗಳಲ್ಲಿ ಸುತ್ತಲಿನ ಊರುಗಳ ಗಡಿಗೆಗೆಲ್ಲ ರುಚಿ ಕೊಡುತ್ತಿದ್ದುದು ಆ ಮನೆಯ ದುಡಿಮೆ. ಬೇಸಿಗೆಯ ಮುಂಜಾವಿನಲ್ಲಿ ಸವಳು ನೆಲದ ಮೇಲೆ ಬಿಳಿಯ ಹಿಟ್ಟಿನಂತೆ ಉಪ್ಪು ಏಳುತ್ತದೆ. ಅದನ್ನು ಮಣ್ಣಿನ ಸಮೇತ ಕೆರೆದು ಬುಟ್ಟಿಯಲ್ಲಿ ಹೊತ್ತು ತಂದು, ದೊಡ್ಡ ಬಾನಿಯಲ್ಲಿ ಹುಲ್ಲಿನ ಹಾಸಿನ ಮೇಲೆ ತುಂಬಿ ನೀರು ಹೊಯ್ಯುತ್ತಿದ್ದರು. ಕೆಳಗೆ ಸೋರಿದ ಉಪ್ಪುನೀರನ್ನು ಗಾರೆ ಬಳಿದ ಮಡಿಗಳಿಗೆ ಬಿಟ್ಟರೆ ಉಳಿದ ಕೆಲಸ ಸೂರ್ಯನದು. ರಸ ಇಳಿದ ಮಣ್ಣನ್ನು ಬಾನಿಯ ಸುತ್ತಲೇ ಚೆಲ್ಲುತ್ತಿದ್ದರು. ಮಣ್ಣು ಏರಿದಂತೆ ಬಾನಿಯನ್ನು ಮೇಲಕ್ಕೆ ಏರಿಸುತ್ತಿದ್ದರು. ಹೀಗೆ ಅಜ್ಜ ಮುತ್ತಜ್ಜಂದಿರು ಚೆಲ್ಲಿದ ಮಣ್ಣೇ ದಿಬ್ಬವಾಯಿತು. ಆಗ ಅದಕ್ಕೆ ಹೆಸರಿರಲಿಲ್ಲ, ಉಪ್ಪಾರರ ದಿಬ್ಬ ಎಂದರೆ ಮುಗಿಯಿತು.

ಊರಿಗೆಲ್ಲ ಬೇಕಾದ ಮಳೆ ಈ ಒಂದು ಮನೆಗೆ ವೈರಿ. ಮಡಿಗಳಲ್ಲಿ ನೀರು ಹೆಪ್ಪುಗಟ್ಟುವ ಹೊತ್ತಿಗೆ ಒಂದು ಅಡ್ಡಮಳೆ ಬಿದ್ದರೆ ತಿಂಗಳ ದುಡಿಮೆ ಹರಿದು ಹಳ್ಳ ಸೇರುತ್ತಿತ್ತು. ಇದಕ್ಕೆ ಹಿರಿಯರು ಒಂದು ಕಟ್ಟಳೆ ಮಾಡಿದ್ದರು. ಯುಗಾದಿಯ ದಿನ ಉಪ್ಪಾರರ ಮನೆಯ ಯಜಮಾನ ಆ ವರ್ಷದ ಮೊದಲ ಬೊಗಸೆ ಉಪ್ಪನ್ನು ಅರಿಸಿನದ ಬಟ್ಟೆಯಲ್ಲಿ ಗಂಟು ಕಟ್ಟಿ, ದಿಬ್ಬದ ನೆತ್ತಿಯ ಕಂಬಕ್ಕೆ ತೂಗುಹಾಕಬೇಕು. ಅದೇ ಮಳೆಗಂಟು. ಅದು ತೂಗುವವರೆಗೆ ಮಳೆ ತಡೆದು ನಿಲ್ಲುತ್ತದೆ. ಕಾರಹುಣ್ಣಿಮೆಯ ದಿನ ಅವನೇ ಗಂಟು ಬಿಚ್ಚಿ, ಉಪ್ಪನ್ನು ನೀರಿನಲ್ಲಿ ಕದಡಿ ನೆಲಕ್ಕೆ ಹೊಯ್ದು, ಇಂಥವನು ಕಟ್ಟಿದ್ದು ಬಿಟ್ಟಿತು ಎಂದು ತನ್ನ ಹೆಸರು ಹೇಳಿ ಕೂಗಿದರೆ ಮಳೆಗೆ ದಾರಿ ತೆರೆಯುತ್ತದೆ. ಮಳೆ ಕಟ್ಟಲು ಊರು ಒಪ್ಪುತ್ತಿತ್ತು, ಬಿಡಿಸಿದ ಮನೆಗೆ ಸುಗ್ಗಿಯಲ್ಲಿ ಮೊರ ತುಂಬ ಜೋಳ ಕೊಡುತ್ತಿತ್ತು. ಕಟ್ಟಿದವನೇ ಬಿಚ್ಚಬೇಕು ಎಂಬುದು ಮಾತ್ರ ಕಟ್ಟುನಿಟ್ಟು. ಅವನು ನಡುವೆ ತೀರಿಕೊಂಡರೆ ಅವನ ಹೆಂಡತಿ ದಿಬ್ಬದ ಮೇಲೆಯೇ ಬಳೆ ಒಡೆದುಕೊಂಡು, ಕುಂಕುಮ ಒರೆಸಿಕೊಂಡು, ಆಮೇಲೆ ಬಿಚ್ಚಬೇಕು. ಮೂರನೆಯವರ ಕೈ ಗಂಟಿಗೆ ತಾಗಬಾರದು.

ಆ ಕಾಲಕ್ಕೆ ಯಜಮಾನನಾಗಿದ್ದವನು ಜಂಬಣ್ಣ, ಅವನ ಹೆಂಡತಿ ಸುಂಕ್ಲವ್ವ. ಮನೆಯಲ್ಲಿ ಅವನ ಮುದಿ ತಾಯಿ ಹನುಮವ್ವ. ಸುಂಕ್ಲವ್ವ ಪಡುವಣ ಸೀಮೆಯಿಂದ ಸೊಸೆಯಾಗಿ ಬಂದವಳು. ಮೊದಲ ಬೇಸಿಗೆಯಲ್ಲಿ ಅವಳ ಅಂಗಾಲು ಬೊಬ್ಬೆ ಎದ್ದು ಅತ್ತಿದ್ದಳಂತೆ. ಆಮೇಲೆ ಅವಳಿಗೂ ಬಿಸಿಲಿನ ಹುಚ್ಚು ಹಿಡಿಯಿತು. ನಸುಕಿನಲ್ಲಿ ಇಬ್ಬರೂ ಅಕ್ಕಪಕ್ಕ ಕುಕ್ಕರಗಾಲಲ್ಲಿ ಕೂತು ಸವಳು ಕೆರೆಯುವಾಗಿನ ತಂಪು, ಮಧ್ಯಾಹ್ನ ಮಡಿಯ ಅಂಚಿನಲ್ಲಿ ಉಪ್ಪಿನ ಕೆನೆ ಕಟ್ಟುವಾಗ ಏಳುವ ಸಣ್ಣ ಚಿಟಿಚಿಟಿ ಸದ್ದು, ಸಂಜೆ ನೀರು ಚಿಮುಕಿಸಿದ ಅಂಗಳದಲ್ಲಿ ಮಜ್ಜಿಗೆ, ನುಚ್ಚು. ಪಡುವಣದಲ್ಲಿ ಒಂದು ಮೋಡ ತಲೆಯೆತ್ತಿದರೆ ಸಾಕು, ಜಂಬಣ್ಣ ಹೆಂಡತಿಯನ್ನು ಕಾಡುತ್ತಿದ್ದ: ‘ನೋಡಲ್ಲಿ, ನಿನ್ನ ತವರ ಮಂದಿ ಬಂದ್ರು. ಕೈ ಬೀಸಕೊಂಡು ಬರ್ತಾರ, ನಮ್ಮ ಮನಿ ತೊಳಕೊಂಡು ಹೋಗ್ತಾರ.’ ಅವಳು ಸಿಟ್ಟಿನಿಂದ ಒಂದು ಹಿಡಿ ಮಣ್ಣು ಅವನತ್ತ ಎರಚುತ್ತಿದ್ದಳು. ಮಕ್ಕಳಾಗಲಿಲ್ಲವೆಂಬ ಕೊರಗು ಇತ್ತು. ಆದರೂ ಆ ಬೇಸಿಗೆಗಳು ತನ್ನ ಬಾಳಿನ ಸುಗ್ಗಿಯೆಂದು ಅವಳು ಕಡೆಯವರೆಗೂ ಹೇಳಿಕೊಳ್ಳುತ್ತಿದ್ದಳು.

ಒಂದು ವರ್ಷ ಉಪ್ಪು ಎಂದಿಗಿಂತ ಹುಲುಸಾಗಿ ಬಂತು. ವೈಶಾಖದ ಆಗಿ ಹುಣ್ಣಿಮೆ ಮುಗಿದ ಮಾರನೆಯ ದಿನ ಜಂಬಣ್ಣ ಕತ್ತೆಗಳ ಮೇಲೆ ಉಪ್ಪಿನ ಚೀಲ ಹೇರಿಕೊಂಡು ಮೂಡಣ ಸೀಮೆಗೆ ಮಾರಲು ಹೊರಟ. ಯುಗಾದಿಗೆ ತಾನು ಕಟ್ಟಿದ ಗಂಟು ಕಂಬದಲ್ಲಿ ತೂಗುತ್ತಿತ್ತು. ‘ಕಾರಹುಣ್ಣಿವಿ ಒಳಗ ಬರ್ತೀನಿ. ನಾ ಬರೂತನಾ ನಿನ್ನ ತವರ ಮಂದೀನ ಊರ ಅಗಸ್ಯಾಗ ನಿಲ್ಲಿಸು’ ಎಂದು ನಕ್ಕು ಹೋದವನು ಬಿಸಿಲ್ಗುದುರೆಯ ಹೊಳಪಿನಲ್ಲಿ ಕತ್ತೆಗಳ ಸಮೇತ ಕರಗಿಹೋದುದನ್ನು ಅವಳು ದಿಬ್ಬದ ಮೇಲಿಂದ ನೋಡಿದಳು. ಕಾರಹುಣ್ಣಿಮೆ ಬಂತು. ಊರ ಎತ್ತುಗಳ ಕೊಂಬಿಗೆ ಬಣ್ಣ ಬಳಿದರು, ಎತ್ತು ಓಡಿಸಿ ಕರಿ ಹರಿದರು, ಜಂಬಣ್ಣ ಬರಲಿಲ್ಲ. ಗಂಟು ಕಂಬದಲ್ಲೇ ಉಳಿಯಿತು. ಮೃಗಶಿರ ಮಳೆ ಮೋಡ ತೋರಿಸಿ ಹೋಯಿತು. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡಲು ಮಣ್ಣು ಕಲಸುವಷ್ಟು ನೀರನ್ನು ಸಹ ಯಾರೂ ಬಾವಿಯಿಂದ ಕೊಡಲಿಲ್ಲ. ಆರಿದ್ರೆ ಮಳೆಯೂ ಒಣಗಿಯೇ ಹೋಯಿತು. ಆಮೇಲೆ ಆಷಾಢದ ಗಾಳಿ ಎದ್ದಿತು. ಪಡುವಣದಿಂದ ಮೋಡಗಳನ್ನು ಕುರಿ ಅಟ್ಟಿದ ಹಾಗೆ ಅಟ್ಟಿಕೊಂಡು ಬಂದು, ಊರ ಮೇಲೆ ಒಂದು ಗಳಿಗೆ ನೆರಳು ಹಾಕಿ, ಹನಿ ಉದುರಿಸದೆ ಮೂಡಣಕ್ಕೆ ಹೊಡೆದುಕೊಂಡು ಹೋಗುವ ಗಾಳಿ ಅದು. ಈ ಸೀಮೆಯವರ ಹೊಟ್ಟೆ ಉರಿಸುವುದಕ್ಕೆ ಅದಕ್ಕಿಂತ ಬೇರೆ ಬೇಕಿಲ್ಲ.

ಊರು ಮೊದಮೊದಲು ತಾಳ್ಮೆಯಿಂದಲೇ ಕಾಯಿತು. ಹೆಂಗಸರು ಬಾವಿಯ ಹತ್ತಿರ ಸುಂಕ್ಲವ್ವನನ್ನು ಕಂಡು, ‘ಸುದ್ದಿ ಏನರ ಬಂತೇನವ್ವ?’ ಎಂದು ಕೇಳಿ ಸುಮ್ಮನಾಗುತ್ತಿದ್ದರು. ಅಷ್ಟರಲ್ಲಿ ಒಂದು ಮುಂಜಾನೆ ಜಂಬಣ್ಣನ ಕತ್ತೆಗಳಲ್ಲಿ ಒಂದು ಬರಿ ಬೆನ್ನಿನಲ್ಲಿ, ಮೂಳೆ ಚಕ್ಕಳವಾಗಿ, ತಾನೇ ನಡೆದು ಬಂದು ಹಟ್ಟಿಯ ಮುಂದೆ ನಿಂತಿತು. ಜಂಬಣ್ಣ ಇನ್ನಿಲ್ಲ ಎಂದು ಊರು ಅದರ ಅರ್ಥವನ್ನು ಒಂದೇ ಮಾತಿನಲ್ಲಿ ಹೇಳಿಬಿಟ್ಟಿತು. ಸುಂಕ್ಲವ್ವ ಅದರ ಮೈ ನೀವಿ, ತನ್ನ ಪಾಲಿನ ನೀರು ಕುಡಿಸಿ, ನೆರೆದವರಿಗೆ ಇಷ್ಟೇ ಹೇಳಿದಳು: ‘ಕತ್ತಿಗಿ ದಾರಿ ಗೊತ್ತಿತ್ತು, ಬಂತು. ನಮ್ಮ ಮನಿಯವರಿಗೂ ದಾರಿ ಗೊತ್ತೈತಿ.’ ಆಮೇಲೆ ಒಬ್ಬಳೇ ಹಟ್ಟಿಯೊಳಗೆ ಹೋಗಿ ಕತ್ತೆಯ ಕುತ್ತಿಗೆ ತಬ್ಬಿಕೊಂಡು, ಅವನು ಎಲ್ಲಿದ್ದಾನೆ ಹೇಳು, ಎಲ್ಲಿ ಬಿಟ್ಟು ಬಂದೆ ಹೇಳು ಎಂದು ಬಿಕ್ಕಿಬಿಕ್ಕಿ ಅತ್ತಳಂತೆ.

ಊರಗೌಡ ಅಮರೇಗೌಡ ಕೆಟ್ಟವನಲ್ಲ. ನೆಲದೊಳಗಿನ ತನ್ನ ಹಗೇವಿನ ಜೋಳವನ್ನು ಊರಿಗೆ ಹಂಚಿ ಮುಗಿಸಿದ್ದವನು. ಮೇವಿಲ್ಲದೆ ಎತ್ತುಗಳು ಮಣ್ಣಿನ ಗೋಡೆ ನೆಕ್ಕುವುದನ್ನು ನೋಡಲಾರದೆ ಕಡೆಗೆ ಬೇವಿನ ಕಟ್ಟೆಗೆ ಹಿರಿಯರನ್ನು ಕರೆಸಿ, ಸುಂಕ್ಲವ್ವನಿಗೂ ಹೇಳಿಕಳಿಸಿದ. ಅವಳು ಬರುವ ಹೊತ್ತಿಗೆ ಕಟ್ಟೆಯ ಮೇಲೆ ಒಂದು ಮೊರದಲ್ಲಿ ಬಿಳಿಯ ಸೀರೆ ಮಡಚಿಟ್ಟಿತ್ತು. ಅದನ್ನು ಇಟ್ಟವರು ಯಾರೆಂದು ಇಂದಿಗೂ ಯಾವ ಮನೆಯವರೂ ಒಪ್ಪಿಕೊಳ್ಳುವುದಿಲ್ಲ. ಗೌಡ ನೆಲ ನೋಡುತ್ತ ಮಾತಾಡಿದ: ‘ತಂಗೀ, ನಿನ್ನ ಸಂಕಟ ನಮಗ ತಿಳಿಯೂದಿಲ್ಲಂತ ಅಲ್ಲ. ಗಂಟು ಬಿಚ್ಚೂತನಾ ಮಳಿ ಬರೂದಿಲ್ಲ. ಕಟ್ಟಿದಾಂವ ಬರಲಿಲ್ಲ. ಇನ್ನ ಬಿಚ್ಚೋ ಕೈ ನಿಂದೊಂದ.’ ಸುಂಕ್ಲವ್ವ ಮೊರದ ಕಡೆ ನೋಡಿದಳು. ‘ಯಪ್ಪಾ ಗೌಡ್ರ, ನಿಮ್ಮ ಹೊಲಕ ಮಳಿ ಬೇಕಂತ ನನ್ನ ಗಂಡನ್ನ ನನ್ನ ಕೈಯಿಂದ ಸಾಯಿಸಬೇಕೇನ್ರಿ?’ ಎಂದಳು. ಒಂದು ದಿನದ ಅವಧಿ ಕೊಡಿರೆಂದು ಕೇಳಿ ಅವಳು ಮನೆಗೆ ನಡೆದಳು. ದಾರಿಯಲ್ಲಿ ಬಾವಿಯ ಸುತ್ತ ಖಾಲಿ ಕೊಡಗಳ ಸಾಲು ಕಂಡಿತು. ಅವಳು ಯಾರಿಗೂ ಕೆಟ್ಟದ್ದು ಬಯಸಿದವಳಲ್ಲ. ಆ ಕೊಡಗಳ ಮುಂದೆ ಹಾದುಹೋಗುವುದು ಅವಳಿಗೆ ಆ ಸೀರೆ ನೋಡಿದ್ದಕ್ಕಿಂತ ಕಷ್ಟವಾಯಿತು.

ಮನೆಯಲ್ಲಿ ಹನುಮವ್ವ ಗೋಡೆಗೆ ಒರಗಿ ಕೂತಿದ್ದಳು. ಅವಳೂ ಒಂದು ಕಾಲಕ್ಕೆ ಅದೇ ದಿಬ್ಬದ ಮೇಲೆ ಬಳೆ ಒಡೆದುಕೊಂಡು ಗಂಟು ಬಿಚ್ಚಿದವಳು. ಅತ್ತೆಯೂ ಅದನ್ನೇ ಹೇಳುತ್ತಾಳೆಂದು ಸುಂಕ್ಲವ್ವ ಹೆದರಿದ್ದಳು. ಮುದುಕಿ ಸೊಸೆಯ ಕೈ ಹಿಡಿದು, ಒಂದೊಂದೇ ಬಳೆಯ ಮೇಲೆ ಬೆರಳಾಡಿಸುತ್ತ ಹೇಳಿದಳು: ‘ನಾ ಬಳಿ ಒಡಕೊಂಡೆ, ಮಳಿ ಬಂತು ಖರೆ. ಬಳಿ ಒಡದದ್ದಕ್ಕ ಬಂತೋ, ಬರೂ ಹೊತ್ತಾಗಿತ್ತಂತ ಬಂತೋ, ಇವತ್ತಿಗೂ ನಾ ಅರೀನವ್ವ. ಆದ್ರ ನಿಮ್ಮ ಮಾವ ಹೋದದ್ದನ್ನ ನಾ ಕಣ್ಣಾರೆ ಕಂಡಿದ್ದೆ, ನನ್ನ ತೊಡಿ ಮ್ಯಾಲ ಹೋದ್ರು. ನೀ ಏನ ನೋಡೀದಿ?’ ಸುಂಕ್ಲವ್ವ ಏನೂ ನೋಡಿರಲಿಲ್ಲ. ಒಂದು ಖಾಲಿ ಬೆನ್ನಿನ ಕತ್ತೆಯನ್ನು ನೋಡಿದ್ದಳು, ಅಷ್ಟೇ. ಹೆತ್ತ ತಾಯಿಗೆ ಇಲ್ಲದ ಅವಸರ ಊರಿಗೇಕೆ ಎಂದು ಅವಳಿಗೆ ಆಗ ಹೊಳೆಯಿತು. ಮುದುಕಿ ಅವಳ ಕೈ ಬಿಡಲೇ ಇಲ್ಲ.

ಮಾರನೆಯ ದಿನ ಹೊತ್ತು ನೆತ್ತಿಗೆ ಏರಿದಾಗ ಊರೆಲ್ಲ ದಿಬ್ಬದ ಬುಡದಲ್ಲಿ ನೆರೆದಿತ್ತು. ಸುಂಕ್ಲವ್ವ ಬಂದಳು. ಮದುವೆಯ ಹಸಿರು ಸೀರೆ, ಮೊಣಕೈವರೆಗೆ ಬಳೆ, ಕೆನ್ನೆಗೆ ಅರಿಸಿನ, ಹಣೆಯಲ್ಲಿ ಕಾಸಗಲ ಕುಂಕುಮ. ಎಲ್ಲಿಯೂ ಹೂವಿಲ್ಲದ ಆ ವರ್ಷ ತುರುಬಿಗೆ ಬೇವಿನ ಎಲೆ ಮುಡಿದಿದ್ದಳು. ಗುಜುಗುಜು ಎದ್ದಿತು. ಇದು ಆಗಬಾರದು, ಮುತ್ತೈದೆಯ ಕೈಯಲ್ಲಿ ಗಂಟು ಬಿಚ್ಚಿಸಿದರೆ ಕಟ್ಟಳೆ ಮುರಿದ ಹಾಗೆ, ಇನ್ನು ಈ ಊರಿಗೆ ಮಳೆಯೇ ಇಲ್ಲ ಎಂದು ಹಿರಿಯರು ಅಡ್ಡ ಬಂದರು. ಆಗ ಅವಳು ಎಲ್ಲರಿಗೂ ಕೇಳುವ ಹಾಗೆ ಹೇಳಿದ ಮಾತನ್ನು ಸವಳದೊಡ್ಡಿಯ ಹೆಣ್ಣುಮಕ್ಕಳು ಈಗಲೂ ಅಕ್ಷರ ತಪ್ಪದೆ ಹೇಳುತ್ತಾರೆ: ‘ಅವರು ಅದಾರೋ ಇಲ್ಲೋ ನಿಮಗ ಗೊತ್ತಿಲ್ಲ, ನನಗ ಗೊತ್ತಿಲ್ಲ. ಮಳಿ ನಾಕೂ ಸೀಮಿ ಅಡ್ಡಾಡಿ ಬರ್ತೈತಿ, ಅದಕ್ಕ ಗೊತ್ತಿರ್ತೈತಿ. ಅವರಿದ್ರ ಮಳಿ ಬರಲಿ, ಇಲ್ಲಂದ್ರ ಹೊತ್ತು ಮುಳುಗೂದರಾಗ ಇಲ್ಲೇ ಬಳಿ ಒಡಕೋತೀನಿ, ನೀವು ಕೊಟ್ಟ ಸೀರಿ ಉಡ್ತೀನಿ.’ ಗೌಡ ದಾರಿ ಬಿಟ್ಟ.

ಅವಳು ಮೊದಲು ಸಲಿಕೆ ತೆಗೆದುಕೊಂಡು ಬುಡದಲ್ಲಿದ್ದ ಮಡಿಗಳ ಬದು ಒಡೆದು ಮಳೆನೀರಿಗೆ ದಾರಿ ಮಾಡಿದಳು. ಆಮೇಲೆ ಮೇಲೆ ಏರಿ ಗಂಟು ಬಿಚ್ಚಿ, ಉಪ್ಪನ್ನು ಚೆಂಬಿನ ನೀರಿನಲ್ಲಿ ಕದಡಿದಳು. ನೆಲಕ್ಕೆ ಹೊಯ್ಯುವ ಮುನ್ನ ಕಟ್ಟಿದವನ ಹೆಸರು ಹೇಳಬೇಕು. ಗಂಡನ ಹೆಸರನ್ನು ಹೆಂಡತಿ ಬಾಯಲ್ಲಿ ಆಡಬಾರದು. ಅವನು ಸತ್ತ ಮೇಲಾದರೆ ಅಳುತ್ತ ಆಡುತ್ತಾರೆ, ಬದುಕಿದ್ದಾಗ ಆಡುವುದಕ್ಕೆ ಮುತ್ತೈದೆಗೆ ಇರುವ ದಾರಿ ಒಂದೇ, ಮದುವೆ ಮನೆಯ ಒಡಪು. ಸುಂಕ್ಲವ್ವ ಸೆರಗು ತಲೆಯ ಮೇಲೆ ಎಳೆದುಕೊಂಡು, ಹೊಸ ಮದುವಣಗಿತ್ತಿ ಹೊಸ್ತಿಲಲ್ಲಿ ನಿಂತು ಹೇಳುವ ರಾಗದಲ್ಲಿಯೇ ಹೇಳಿದಳು:

‘ಉಪ್ಪಿಗಿ ಬಿಸಲು ಚಂದ, ಹೊಲಕ ಮಳಿ ಚಂದ,
ಜಂಬಣ್ಣ ಕಟ್ಟಿದ ಗಂಟು ಅವರ ಹೇಣ್ತಿ ಬಿಚ್ಚಿದರ ಚಂದ.’

ಬುಡದಲ್ಲಿ ನಿಂತ ಹೆಂಗಸರಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಒಡಪು ಕೇಳಿದರೆ ನಗಬೇಕು, ಅದು ರೂಢಿ. ಮೊದಲು ಹನುಮವ್ವ ಬೊಚ್ಚುಬಾಯಿ ತೆರೆದು ನಕ್ಕಳು. ಆಮೇಲೆ ಇನ್ನೊಬ್ಬಳು, ಮತ್ತೊಬ್ಬಳು. ಎಲ್ಲರ ಕಣ್ಣಲ್ಲೂ ನೀರು, ಎಲ್ಲರ ಬಾಯಲ್ಲೂ ನಗೆ. ನೆಲಕ್ಕೆ ಬಿದ್ದ ಉಪ್ಪುನೀರು ಬಿಸಿಲಿಗೆ ಕಣ್ಣು ಮಿಟುಕಿಸುವುದರೊಳಗೆ ಆರಿಹೋಯಿತು.

ಮಳೆ ಕೂಡಲೇ ಬರಲಿಲ್ಲ. ಐತಿಹ್ಯಗಳಲ್ಲಿ ಮಳೆ ಕೂಡಲೇ ಬರುತ್ತದೆ, ಸವಳದೊಡ್ಡಿಯವರು ಮಾತ್ರ ಇದ್ದದ್ದು ಇದ್ದ ಹಾಗೆ ಹೇಳುತ್ತಾರೆ. ಮಧ್ಯಾಹ್ನವೆಲ್ಲ ಗಾಳಿ ಹಾಗೆಯೇ ಬೀಸಿತು. ಹೊತ್ತು ವಾಲಿತು. ಒಬ್ಬರೂ ಮನೆಗೆ ಹೋಗಲಿಲ್ಲ. ಸುಂಕ್ಲವ್ವ ಕಂಬದ ಬುಡದಲ್ಲಿ ಕೂತು ಮೂಡಣ ದಾರಿಯನ್ನೇ ನೋಡುತ್ತಿದ್ದಳು, ಮೋಡವನ್ನಲ್ಲ, ದಾರಿಯನ್ನು. ಹೊತ್ತು ಮುಳುಗಲು ಒಂದು ಮಾರು ಉಳಿದಿದ್ದಾಗ, ಇಡೀ ಆಷಾಢ ಒಮ್ಮೆಯೂ ನಿಲ್ಲದಿದ್ದ ಗಾಳಿ ನಿಂತಿತು. ಬೇವಿನ ಎಲೆ ಅಲುಗದಷ್ಟು ನಿಂತಿತು. ಆಮೇಲೆ ಮೂಡಣದಿಂದ, ಜಂಬಣ್ಣ ಹೋದ ದಿಕ್ಕಿನಿಂದಲೇ, ಕರಿಯ ಮೋಡ ಏರಿ ಬಂತು. ಮೊದಲ ಹನಿಗಳು ದೂಳಿನಲ್ಲಿ ಕುಣಿ ತೋಡಿದವು, ಕಾದ ನೆಲದ ವಾಸನೆ ಎದ್ದಿತು, ಆ ಮೇಲೆ ಯಾರಿಗೆ ಯಾರೂ ಕಾಣದಂಥ ಮಳೆ. ಗಂಡಸರು ಕುಣಿದರು, ದನಗಳು ಬಾಲವೆತ್ತಿ ಓಡಿದವು. ಸುಂಕ್ಲವ್ವ ಎರಡೂ ಕೈಗಳ ಬಳೆಗಳನ್ನು ಎದೆಗೆ ಒತ್ತಿಕೊಂಡು, ‘ಅದಾರ, ಅದಾರ’ ಎಂದು ಕೂಗುತ್ತ ದಿಬ್ಬ ಇಳಿದಳು.

ಜಂಬಣ್ಣ ಬರಲಿಲ್ಲ. ಆ ವರ್ಷವೂ ಬರಲಿಲ್ಲ, ಮುಂದೆಯೂ ಬರಲಿಲ್ಲ. ಆದರೆ ಮಳೆ ಸಾಕ್ಷಿ ಹೇಳಿದ ಮೇಲೆ ಅವಳನ್ನು ವಿಧವೆ ಎನ್ನುವ ಬಾಯಿ ಊರಿನಲ್ಲಿ ಉಳಿಯಲಿಲ್ಲ. ಆ ಬಿಳಿಯ ಸೀರೆ ಎಲ್ಲಿ ಹೋಯಿತೋ ಯಾರೂ ಕೇಳಲಿಲ್ಲ. ಮದುವೆಗಳಿಗೆ ಮೊದಲ ಕರೆ ಅವಳಿಗೆ, ಉಡಿ ತುಂಬುವಾಗ ಮೊದಲ ಅಕ್ಕಿ ಅವಳಿಗೆ. ಪ್ರತಿ ಯುಗಾದಿಗೆ ಗಂಡನ ಹೆಸರಿನಲ್ಲಿ ಅವಳೇ ಗಂಟು ಕಟ್ಟಿದಳು, ಪ್ರತಿ ಕಾರಹುಣ್ಣಿಮೆಗೆ ಅದೇ ಒಡಪು ಹೇಳಿ ಬಿಚ್ಚಿದಳು. ಹೆಚ್ಚಿನ ವರ್ಷ ಮಳೆ ಹೊತ್ತಿಗೆ ಬರುತ್ತಿತ್ತು, ಅದು ಅಂಥ ಕಾಲ. ತಡವಾದ ವರ್ಷಗಳಲ್ಲಿ ಒಂದು ಹೊಸ ಸಂಗತಿ ಕಂಡಿತು. ಮಳೆ ಬಂದರೆ ಅವನಿದ್ದಾನೆ ಎಂದಮೇಲೆ, ಬಾರದಿದ್ದರೆ ಏನೆಂದು ಅವಳಿಗೆ ಬೇರೆ ಹೇಳಬೇಕೇ? ಮೋಡಗಳು ಒಣಗಿ ಹೋದ ದಿನ ಅವಳು ಒಲೆ ಹಚ್ಚುತ್ತಿರಲಿಲ್ಲ, ಮಾತಾಡುತ್ತಿರಲಿಲ್ಲ, ದಿಬ್ಬದ ಮೇಲೆ ಹೋಗಿ ಕೂತುಬಿಡುತ್ತಿದ್ದಳು. ಊರ ಹೆಂಗಸರು ಅವಳನ್ನು ಒಂಟಿ ಬಿಡಲಿಲ್ಲ. ಬಿತ್ತುವ ಬೀಜ ಮನೆಯಲ್ಲಿ ನುಸಿ ಹಿಡಿಯುತ್ತಿದ್ದರೂ ರೊಟ್ಟಿ ಕಟ್ಟಿಕೊಂಡು ಮೇಲೆ ಏರಿ ಅವಳ ಪಕ್ಕದಲ್ಲಿ ಕೂತು ಸಮಾಧಾನ ಹೇಳುತ್ತಿದ್ದರು. ಅಮರೇಗೌಡ ಮುದುಕನಾದ ಮೇಲೂ ಕೋಲೂರಿಕೊಂಡು ಬಂದು, ದಿಬ್ಬದ ಬುಡದಿಂದಲೇ ಕೂಗುತ್ತಿದ್ದನಂತೆ: ‘ತಂಗೀ, ಜಂಬಣ್ಣ ಬರ್ತಾನ, ಒಂದು ತುತ್ತು ಉಣ್ಣು.’ ಅವಳು ತೀರಿಕೊಂಡದ್ದು ಮಘೆ ಮಳೆ ಹುಯ್ಯುತ್ತಿದ್ದ ದಿನ. ಹಸಿರು ಸೀರೆ ಉಡಿಸಿ, ಕುಂಕುಮವಿಟ್ಟು, ಉಡಿ ತುಂಬಿ ಮುತ್ತೈದೆಯಾಗಿಯೇ ಕಳಿಸಿದರು. ದಿಬ್ಬಕ್ಕೆ ಆ ಹೆಸರು ಬಂದದ್ದು ಅಂದಿನಿಂದ.

ಆಮೇಲೆ ಸಮುದ್ರದ ಉಪ್ಪು ಬಂತು, ಬಾನಿ ಒಡೆದುಹೋಯಿತು, ಮಡಿಗಳ ಗಾರೆ ಕಿತ್ತುಹೋಯಿತು. ಗಂಟು ಕಟ್ಟುವವರೂ ಇಲ್ಲ, ಬಿಚ್ಚುವವರೂ ಇಲ್ಲ. ಮಳೆಗಳು ತಮ್ಮ ಹೆಸರು ತಾವೇ ಮರೆತ ಹಾಗೆ ಬರುತ್ತವೆ, ಹೋಗುತ್ತವೆ. ಆದರೂ ಆರಿದ್ರೆ ಒಣಗಿದ ವರ್ಷ ಈ ದಾರಿಯಲ್ಲಿ ಹೋಗುವವರು ಒಂದು ನೋಟ ಕಾಣಬಹುದು. ಮಟಮಟ ಮಧ್ಯಾಹ್ನ, ಸವಳದೊಡ್ಡಿಯ ಹೆಂಗಸರು ರೊಟ್ಟಿಯ ಗಂಟು ಹಿಡಿದು ಬಿಳಿಯ ದಿಬ್ಬ ಏರುತ್ತಾರೆ. ಗಂಡನಿದ್ದವರು, ಗಂಡ ಸತ್ತವರು, ದುಡಿಯಲು ಹೋದ ಗಂಡನ ಸುದ್ದಿಯಿಲ್ಲದವರು, ಎಲ್ಲರೂ. ಅಲ್ಲಿ ಗುಡಿಯಿಲ್ಲ, ಕಲ್ಲಿಲ್ಲ, ಪೂಜೆಯೂ ಇಲ್ಲ. ನೆತ್ತಿಯ ಮೇಲೆ ಸುಮ್ಮನೆ ಕೂತು, ಒಂದು ತುತ್ತು ರೊಟ್ಟಿ ಮುರಿದು ಮಣ್ಣಿನ ಮೇಲೆ ಇಟ್ಟು, ಪಕ್ಕದಲ್ಲಿ ಯಾರೋ ಕೂತಿದ್ದಾರೆ ಎಂಬಂತೆ ನೆಲವನ್ನು ನೀವುತ್ತ ಹೇಳುತ್ತಾರೆ: ‘ಬರ್ತಾನವ್ವಾ, ಜಂಬಣ್ಣ ಬರ್ತಾನ. ದಾರಿ ದೂರ ಐತಿ. ನೀ ಉಣ್ಣು.’ ಊರಲ್ಲಿ ಕೊಡಗಳು ಖಾಲಿ ಇರುತ್ತವೆ, ಹೊಲ ಬಾಯಿ ಬಿಟ್ಟಿರುತ್ತದೆ. ಮಳೆಯ ಮಾತನ್ನು ಮಾತ್ರ ಅಲ್ಲಿ ಯಾರೂ ಎತ್ತುವುದಿಲ್ಲ.